ಕಳುವಾಗದ ಕೊಡೆ, ಕಳುವಾದ ಕೊಡೆ

ರಸ್ಕಿನ್ ಬಾಂಡ್ ಬರೆದ ‘ದಿ ಬ್ಲೂ ಅಂಬ್ರೆಲಾ’ದಲ್ಲಿ ಕೊಡೆ ಕಳುವಾಗುವುದೇ ಇಲ್ಲ. ವಿಶಾಲ್ ಭಾರದ್ವಾಜ್ ಅವರ ಸಿನಿಮಾವನ್ನು ಮೊದಲು ನೋಡಿ ಆಮೇಲೆ ಪುಸ್ತಕ ಕೈಗೆತ್ತಿಕೊಂಡವರು ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ಸಿನಿಮಾ ನೋಡಿದವರ ನೆನಪಿನಲ್ಲಿ ಉಳಿಯುವುದೇ ಆ ಕಳವು: ನೀಲಿ ಕೊಡೆ ಕಾಣೆಯಾದದ್ದು, ಅಂಗಡಿಯವನು ಕೆಂಪು ಕೊಡೆ ಹಿಡಿದು ಊರಲ್ಲೆಲ್ಲ ಮೆರೆದದ್ದು, ಮಳೆಗೆ ಬಣ್ಣ ಇಳಿದು ಗುಟ್ಟು ಬಯಲಾದದ್ದು. ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರುವುದು ಕದಿಯಲು ಹೋಗಿ ಸಿಕ್ಕಿಬಿದ್ದ ಒಬ್ಬ ಹುಡುಗ, ಅವನ ಬಾಯಿಂದ ಹೊರಬಿದ್ದ ಒಬ್ಬ ಮುದುಕನ ಹೆಸರು, ಅಷ್ಟೆ. ಕೊಡೆ ಆಗಿಂದಾಗಲೇ ಒಡತಿಯ ಕೈಗೆ ಮರಳುತ್ತದೆ.

ಕಾದಂಬರಿ ಸಿನಿಮಾ ಆದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಸಿದ್ಧವಾಗಿರುತ್ತದೆ: ‘ಪುಸ್ತಕ ಚೆನ್ನಾಗಿತ್ತು, ಸಿನಿಮಾದಲ್ಲಿ ಹಾಳು ಮಾಡಿದರು.’ ಇಲ್ಲವಾದರೆ ಅದರ ತದ್ವಿರುದ್ಧ. ಎರಡರಲ್ಲಿ ಯಾವುದನ್ನು ಹೇಳಿದರೂ ಚರ್ಚೆ ಅಲ್ಲಿಗೇ ನಿಂತುಹೋಗುತ್ತದೆ. ಏನನ್ನು ಬದಲಿಸಿದರು, ಆ ಬದಲಾವಣೆಯಿಂದ ಕತೆಯ ಒಳಗಿನ ನ್ಯಾಯ ಹೇಗೆ ಕದಲಿತು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ. ಬಾಂಡ್ ಅವರ ಕತೆಯಲ್ಲಿ ಭಾರದ್ವಾಜ್ ಮಾಡಿರುವ ಮುಖ್ಯ ಬದಲಾವಣೆ ಒಂದೇ. ಆಸೆಯಾಗಿ, ಪ್ರಯತ್ನವಾಗಿ ಉಳಿದಿದ್ದ ಕಳವನ್ನು ಅವರು ನಿಜ ಮಾಡಿದರು. ಮಿಕ್ಕದ್ದೆಲ್ಲ ಅದರ ಹಿಂದೆಯೇ ಬದಲಾಗುತ್ತ ಹೋಯಿತು. ಕತೆಯ ನಡುವಣ ಪಾತ್ರ ಬದಲಾಯಿತು, ಊರು ಬದಲಾಯಿತು, ಕೊನೆಗೆ ಕ್ಷಮೆಯ ಅರ್ಥವೂ ಬದಲಾಯಿತು.

ಬಾಂಡ್ ಹುಟ್ಟಿದ್ದು 1934ರಲ್ಲಿ, ಕಸೌಲಿಯಲ್ಲಿ. ಬದುಕಿನ ಬಹುಪಾಲನ್ನು ಮಸ್ಸೂರಿ, ಲಂಡೌರ್ ಸುತ್ತಿನ ಬೆಟ್ಟಗಳಲ್ಲೇ ಕಳೆದವರು. 1980ರಲ್ಲಿ ಪುಸ್ತಕವಾಗಿ ಬಂದ ಈ ಕಿರುಕಾದಂಬರಿ ನಡೆಯುವುದು ಗಢ್ವಾಲಿನ ಒಂದು ಪುಟ್ಟ ಹಳ್ಳಿಯಲ್ಲಿ. ಒಂದು ಸಂಜೆ ಕೂತರೆ ಓದಿ ಮುಗಿಸಬಹುದು. ಭಾರದ್ವಾಜ್ ಅದನ್ನು ಹಿಮಾಚಲಕ್ಕೆ ಒಯ್ದರು. ಶೇಕ್ಸ್‌ಪಿಯರ್‌ನನ್ನು ಮುಂಬೈ ಭೂಗತಲೋಕಕ್ಕೆ ತಂದ ‘ಮಕ್ಬೂಲ್’ ಮಾಡಿ ಮುಗಿಸಿದ್ದ ಹೊತ್ತು ಅದು. ಅದಕ್ಕೂ ಮೊದಲು ಮಕ್ಕಳಿಗಾಗಿ ‘ಮಕ್ಡೀ’ ಮಾಡಿದ್ದರು. ‘ಮಕ್ಬೂಲ್’ನಲ್ಲಿ ಮೆಲುದನಿಯಲ್ಲೇ ಎಲ್ಲರನ್ನೂ ನಡುಗಿಸಿದ್ದ ಪಂಕಜ್ ಕಪೂರ್ ಇಲ್ಲಿ ಒಬ್ಬ ಚಹಾದಂಗಡಿಯ ಜಿಪುಣ. 2005ರ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂದು ಆಯ್ಕೆಯಾದ ಈ ಸಿನಿಮಾ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2007ರಲ್ಲಿ. ಇಲ್ಲಿ ಪುಸ್ತಕದ ಹುಡುಗಿಯನ್ನು ಬಿನ್ಯಾ ಎಂದೂ ಸಿನಿಮಾದ ಹುಡುಗಿಯನ್ನು ಬಿನಿಯಾ ಎಂದೂ ಕರೆಯುತ್ತೇನೆ. ಹೆಸರಿನಲ್ಲಿರುವ ಅರ್ಧ ಅಕ್ಷರದ ವ್ಯತ್ಯಾಸ ಕತೆಯಲ್ಲೂ ಇದೆ.

ಮೊದಲು ಪುಸ್ತಕ. ಬಿನ್ಯಾ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವಳು. ತಾಯಿ, ಅಣ್ಣ ಬಿಜ್ಜು, ಎರಡು ಹಸು, ಬೆಟ್ಟದ ಇಳಿಜಾರಿನ ಚೂರು ಹೊಲ, ಇಷ್ಟು ಅವಳ ಮನೆ. ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತ ಹೋದವಳಿಗೆ ಬಯಲುಸೀಮೆಯಿಂದ ವಿಹಾರಕ್ಕೆ ಬಂದವರ ಗುಂಪು ಕಾಣುತ್ತದೆ. ಹುಲ್ಲಿನ ಮೇಲೆ ಒಂದು ನೀಲಿ ಕೊಡೆ ಬಿಚ್ಚಿಟ್ಟಿದೆ. ಬಂದವರಲ್ಲಿ ಒಬ್ಬ ಹೆಂಗಸಿನ ಕಣ್ಣು ಬಿನ್ಯಾಳ ಕೊರಳಲ್ಲಿರುವ ಚಿರತೆಯುಗುರಿನ ಪದಕದ ಮೇಲೆ ಬೀಳುತ್ತದೆ. ಕೊಂಡುಕೊಳ್ಳುತ್ತೇನೆ ಎನ್ನುತ್ತಾಳೆ. ಹುಡುಗಿಗೆ ದುಡ್ಡು ಬೇಡ. ಕೊಡೆ ಬೇಕು. ಬೆಟ್ಟದ ಮಕ್ಕಳಿಗೆ ರಕ್ಷೆಯಂತಿರುವ ಉಗುರು ಒಂದು ಕಡೆ, ನಗರದ ಅಂಗಡಿಯ ರೇಷ್ಮೆಯ ಕೊಡೆ ಇನ್ನೊಂದು ಕಡೆ. ಇಬ್ಬರಿಗೂ ಎದುರಿನವರ ವಸ್ತುವಿನ ಬೆಲೆ ಗೊತ್ತಿಲ್ಲ, ಇಬ್ಬರಿಗೂ ತಾವೇ ಗೆದ್ದೆವೆಂಬ ಸಂತೋಷ. ಕತೆಯ ಮೊದಲ ವ್ಯವಹಾರವೇ ವಿನಿಮಯ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕೊಡೆ ಊರಿಗೆ ಬಂದಮೇಲೆ ಬಾಂಡ್ ಮಾಡುವ ಕೆಲಸವನ್ನು ಅವರ ಅಭಿಮಾನಿಗಳೂ ಎಷ್ಟೋ ಸಲ ಗಮನಿಸದೆ ದಾಟಿಬಿಡುತ್ತಾರೆ. ಮಕ್ಕಳಿಗೆ ಸಂಭ್ರಮ, ಕೊಡೆಯ ಕೆಳಗೆ ಒಂದು ಗಳಿಗೆ ನಿಲ್ಲಲು ಪೈಪೋಟಿ. ಆದರೆ ದೊಡ್ಡವರಿಗೆ ಇದು ಇರುಸುಮುರುಸು. ಬಿ.ಎ. ಓದಿಕೊಂಡ ಮೇಷ್ಟರ ಹೆಂಡತಿಗೆ ತನ್ನ ಬಳಿ ಇಲ್ಲದ ಚೆಂದದ ಕೊಡೆ ಒಬ್ಬ ದನ ಕಾಯುವ ಹುಡುಗಿಯ ಕೈಯಲ್ಲಿರುವುದು ಸಹಿಸಲಾಗದ ಸಂಗತಿ. ಪೂಜಾರಿಗೂ ಮುಖ ಸಣ್ಣದಾಗುತ್ತದೆ, ತಾನೂ ಒಂದು ಕೊಳ್ಳಬೇಕೆಂದುಕೊಳ್ಳುತ್ತಾನೆ. ಬಡವರ ಮನೆಯಲ್ಲಿ ಚೆಂದದ ವಸ್ತು ಕಂಡಾಗ ‘ಇವರಿಗೆಲ್ಲ ಇದು ಯಾಕೆ’ ಎಂದು ಮೂಗುಮುರಿಯುವ ದನಿ ನಮಗೆಲ್ಲ ಪರಿಚಿತವೇ. ಬಾಂಡ್ ಎಲ್ಲೂ ಗುಡುಗುವುದಿಲ್ಲ. ನಗುತ್ತ, ಒಂದೆರಡು ವಾಕ್ಯದಲ್ಲಿ ಊರಿನ ಮೇಲು-ಕೆಳಗುಗಳನ್ನು ಆ ಕೊಡೆಯ ಕೆಳಗೆ ಸಾಲಾಗಿ ನಿಲ್ಲಿಸಿಬಿಡುತ್ತಾರೆ. ಹೊಟ್ಟೆಕಿಚ್ಚು ಅಂಗಡಿಯವನೊಬ್ಬನ ರೋಗವಲ್ಲ, ಊರಿಗೆ ಊರೇ ಅದರಿಂದ ನರಳುತ್ತಿದೆ. ಅಂಗಡಿಯವನು ಮಾತ್ರ ಅದನ್ನು ಮುಚ್ಚಿಟ್ಟುಕೊಳ್ಳಲಾರದೆ ಹೋದ.

ಆ ಅಂಗಡಿಯವನ ಹೆಸರು ರಾಮ್ ಭರೋಸಾ. ಹೆಸರಿನಲ್ಲೇ ಭರವಸೆ ಇದೆ. ಮಕ್ಕಳಿಗೆ ಮಿಠಾಯಿಯನ್ನು ಸಾಲ ಕೊಡುತ್ತಾನೆ. ತೀರಿಸಲಾಗದಿದ್ದರೆ ಅವರ ಪುಟ್ಟ ಪುಟ್ಟ ವಸ್ತುಗಳನ್ನು ಇಟ್ಟುಕೊಳ್ಳುತ್ತಾನೆ. ದೊಡ್ಡ ಪಾಪಿಯೇನಲ್ಲ, ಸಣ್ಣ ಲೆಕ್ಕಾಚಾರದ ಮನುಷ್ಯ. ಜೀವಮಾನದಲ್ಲಿ ಯಾವುದಕ್ಕೂ ಹಾತೊರೆಯದವನಿಗೆ ಈ ಕೊಡೆ ಕಣ್ಣಿಗೆ ಬಿದ್ದಮೇಲೆ ನಿದ್ದೆಯಿಲ್ಲ. ಕೊಂಡುಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ. ಕೊನೆಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ರಾಜಾರಾಮ್ ಎಂಬ ಹುಡುಗ ತಾನೇ ತಂದುಕೊಡುತ್ತೇನೆ ಎಂದಾಗ ಬೇಡವೆನ್ನುವ ಗಟ್ಟಿತನ ಅವನಲ್ಲಿ ಉಳಿದಿರುವುದಿಲ್ಲ. ರಾಜಾರಾಮ್ ಕೊಡೆ ಎಗರಿಸಿ ಓಡುವಾಗ ಎದುರಿಗೆ ಶಾಲೆಯಿಂದ ಬರುತ್ತಿದ್ದ ಬಿಜ್ಜು. ಅಲ್ಲಿಗೆ ಕಳವಿನ ಕತೆ ಮುಗಿಯಿತು.

ಮುಗಿಯದೆ ಉಳಿದದ್ದು ಹೆಸರಿನ ಕತೆ. ಭರೋಸಾ ಎಂಬ ಹೆಸರನ್ನೇ ತಿರುಚಿ ಮಕ್ಕಳು ಅವನನ್ನು ಛತ್ರಿಗಳ್ಳನೆಂದು ಕೂಗಿ ಅಣಕಿಸುತ್ತಾರೆ. ಕನ್ನಡದಲ್ಲಿ ಓದಿಕೊಳ್ಳುವವರಿಗೆ ಇಲ್ಲಿ ಇನ್ನೊಂದು ನಗು ಕಾದಿದೆ. ನಮ್ಮಲ್ಲಿ ‘ಅವನೊಬ್ಬ ಛತ್ರಿ’ ಎಂದರೇ ಸಾಕು, ಕಳ್ಳ ಎಂದು ಬೇರೆ ಹೇಳಬೇಕಿಲ್ಲ. ಮಕ್ಕಳು ಅಂಗಡಿಗೆ ಬರುವುದನ್ನು ಬಿಡುತ್ತಾರೆ, ವ್ಯಾಪಾರ ಕುಸಿಯುತ್ತದೆ, ಮುದುಕ ತಾನು ಕಾಸಿದ ಚಹಾವನ್ನು ತಾನೇ ಕುಡಿಯುತ್ತ ಕೂರುತ್ತಾನೆ. ಯಾರೂ ಸಭೆ ಸೇರಿ ತೀರ್ಪು ಕೊಟ್ಟದ್ದಲ್ಲ. ಹಳ್ಳಿಯ ಮಕ್ಕಳ ಅಣಕ ತಾನಾಗಿಯೇ ಶಿಕ್ಷೆಯಾಗಿ ಬೆಳೆದದ್ದು.

ಸಿನಿಮಾಕ್ಕೆ ಬಂದರೆ ರಾಮ್ ಭರೋಸಾ ನಂದಕಿಶೋರ್ ಖತ್ರಿಯಾಗಿದ್ದಾನೆ. ವಿಹಾರಕ್ಕೆ ಬಂದ ಬಯಲುಸೀಮೆಯವರು ಜಪಾನಿ ಪ್ರವಾಸಿಗರಾಗಿದ್ದಾರೆ. ಈ ಎರಡನೆಯ ಬದಲಾವಣೆ ನನಗೆ ಅಷ್ಟು ರುಚಿಸಲಿಲ್ಲ. ಕೊಡೆಗೆ ವಿದೇಶದ ಮೆರುಗು ಬಂತು ನಿಜ, ದೃಶ್ಯವೂ ಚೆಂದ. ಆದರೆ ನಮ್ಮದೇ ನಗರದವರಿಗೂ ನಮ್ಮದೇ ಬೆಟ್ಟದವರಿಗೂ ನಡುವಿನ ಅಂತರವನ್ನು ಬಾಂಡ್ ತಣ್ಣಗೆ ತೋರಿಸಿದ್ದರು, ಅದು ಇಲ್ಲಿ ಕಳೆದುಹೋಯಿತು. ಮೊದಲನೆಯ ಬದಲಾವಣೆಯ ಮಾತೇ ಬೇರೆ. ಖತ್ರಿ ಹಿಂದಿ ಸಿನಿಮಾ ಕಂಡ ದೊಡ್ಡ ಪಾತ್ರಗಳಲ್ಲಿ ಒಂದು. ಬಾಗಿದ ಬೆನ್ನು, ಓರೆನೋಟ, ಪಹಾಡಿ ಎಳೆತದ ಮಾತು, ಉಪ್ಪಿನಕಾಯಿಯ ಮೇಲಿನ ಜೀವ. ಊರಿನ ನಗೆಗೆ ಗುರಿಯಾದಾಗ, ಇಂಥದೇ ಕೊಡೆ ತನ್ನದಾಗುವವರೆಗೆ ಉಪ್ಪಿನಕಾಯಿ ಮುಟ್ಟುವುದಿಲ್ಲ ಎಂದು ಅವನು ಪಣ ತೊಡುತ್ತಾನೆ. ಭೀಷ್ಮಪ್ರತಿಜ್ಞೆಗೆ ಉಪ್ಪಿನಕಾಯಿಯನ್ನು ಸಾಕ್ಷಿಗೆ ಕರೆದವನನ್ನು ದ್ವೇಷಿಸುವುದಾದರೂ ಹೇಗೆ?

ಈ ಖತ್ರಿಗೆ ಸಿನಿಮಾ ಕೊಟ್ಟಿರುವ ಅತಿ ದೊಡ್ಡ ಉಡುಗೊರೆ ಒಂದು ಸಮರ್ಥನೆ. ಈ ವಯಸ್ಸಿನಲ್ಲಿ ನಿನಗೆ ಆ ಕೊಡೆಯಿಂದ ಏನು ಲಾಭ ಎಂದು ಕೇಳಿದರೆ ಅವನು ಮರುಪ್ರಶ್ನೆ ಹಾಕುತ್ತಾನೆ. ಕಣ್ಣಿಗೆ, ಜೀವಕ್ಕೆ ಸುಖ ಕೊಡುವುದಕ್ಕೆಲ್ಲ ಲಾಭನಷ್ಟದ ಲೆಕ್ಕ ಕೇಳುತ್ತೀರಾ ಎಂಬುದು ಅವನ ವಾದದ ತಿರುಳು. ಕಾಸಿಗೆ ಕಾಸು ಲೆಕ್ಕ ಇಡುವವನ ಬಾಯಿಂದಲೇ ಲೆಕ್ಕಕ್ಕೆ ಸಿಗದ ಸೌಂದರ್ಯದ ಪರವಾಗಿ ವಾದ ಹೊರಡುತ್ತದೆ. ಪುಸ್ತಕದಲ್ಲಿ ಕೊಡೆಯ ಚೆಲುವನ್ನು ಉಣ್ಣುವವಳು ಬಿನ್ಯಾ. ಅವಳಿಗೆ ಅದನ್ನು ಮಾತಾಗಿ ಹೇಳಬೇಕಿಲ್ಲ, ಬಿಚ್ಚಿದ ಕೊಡೆಯನ್ನು ಮಡಚದೆ ತಿರುಗಿದರೆ ಸಾಕು. ಸಿನಿಮಾದಲ್ಲಿ ಆ ಚೆಲುವಿಗಾಗಿ ಬಾಯಿಬಿಟ್ಟು ಹಂಬಲಿಸುವವನು ಖತ್ರಿ. ಇಲ್ಲಿಂದಾಚೆ ನಮಗೆ ಅರಿವಿಲ್ಲದೆಯೇ ನಮ್ಮ ಮನಸ್ಸು ಕೊಡೆ ಇರುವವಳನ್ನು ಬಿಟ್ಟು ಇಲ್ಲದವನ ಕಡೆ ವಾಲುತ್ತದೆ. ಭಾರದ್ವಾಜ್‌ಗೆ ಬೇಕಾದದ್ದೂ ಅದೇ.

ಹಾಗೆ ವಾಲಿದ ಮೇಲೆ ಅವರು ಕಳವು ಮಾಡಿಸುತ್ತಾರೆ. ಬಿನಿಯಾಳ ಕೊಡೆ ಕಾಣೆಯಾಗುತ್ತದೆ. ಖತ್ರಿಯ ಮೇಲೆ ಅನುಮಾನ, ಅಂಗಡಿಯಲ್ಲಿ ಪೊಲೀಸರ ತಪಾಸಣೆ, ಏನೂ ಸಿಗದೆ ಹುಡುಗಿಗೇ ಮುಖಭಂಗ. ಕೆಲವು ದಿನ ಕಳೆದ ಮೇಲೆ ಖತ್ರಿಯ ಹೆಸರಿಗೆ ಪಾರ್ಸೆಲ್ಲಿನಲ್ಲಿ ಒಂದು ಕೆಂಪು ಕೊಡೆ ಬರುತ್ತದೆ. ಊರಿಗೆ ಊರೇ ಅವನ ಹಿಂದೆ. ನೆನ್ನೆಯವರೆಗೆ ಜಿಪುಣನೆಂದು ನಗುತ್ತಿದ್ದವರು ಇಂದು ಅವನನ್ನು ಕುಸ್ತಿ ಪಂದ್ಯಕ್ಕೆ ಮುಖ್ಯ ಅತಿಥಿಯನ್ನಾಗಿ ಕರೆಯುತ್ತಾರೆ. ಬಿನಿಯಾ ಮಾತ್ರ ಪಾರ್ಸೆಲ್ಲಿನ ಜಾಡು ಹಿಡಿದು ಬಣ್ಣ ಹಾಕುವವನ ಅಂಗಡಿ ಮುಟ್ಟುತ್ತಾಳೆ. ಅತ್ತ ಮಳೆ ಬರುತ್ತದೆ, ಕೆಂಪು ಇಳಿಯುತ್ತದೆ, ನೀಲಿ ಕಾಣುತ್ತದೆ. ನಗಿಸುತ್ತಲೇ ಎದೆ ಝಲ್ಲೆನಿಸುವ ದೃಶ್ಯ ಇದು. ತುಂಬಿದ ಜನರ ನಡುವೆ ಒಬ್ಬ ಮನುಷ್ಯನ ಮರ್ಯಾದೆ ತೊಟ್ಟುತೊಟ್ಟಾಗಿ ಸೋರಿ ನೆಲಕ್ಕೆ ಬೀಳುತ್ತಿದೆ.

ಇಲ್ಲಿಂದ ಮುಂದಿನ ಅರ್ಧ ಗಂಟೆ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಪುಸ್ತಕಕ್ಕೆ ಇಲ್ಲದ ಎತ್ತರವನ್ನು ಸಿನಿಮಾ ಮುಟ್ಟುವುದೂ ಇಲ್ಲೇ. ಪಂಚಾಯಿತಿ ಸೇರಿ ಖತ್ರಿಗೆ ಬಹಿಷ್ಕಾರ ಹಾಕುತ್ತದೆ. ಅವನ ಅಂಗಡಿಗೆ ಯಾರೂ ಹೋಗಬಾರದು, ಅವನೊಂದಿಗೆ ಯಾರೂ ವ್ಯವಹರಿಸಬಾರದು. ಮಕ್ಕಳ ಅಣಕ ಈಗ ದೊಡ್ಡವರ ಕಾಯಿದೆ. ಹಿಮ ಸುರಿಯತೊಡಗುತ್ತದೆ. ಬಿಳಿಯ ನಡುವೆ ಒಂಟಿ ಅಂಗಡಿ, ಒಳಗೊಬ್ಬ ಒಂಟಿ ಮನುಷ್ಯ. ಖತ್ರಿಯ ಮುಖದಲ್ಲಿ ಮೊದಲಿನ ಚಾಲಾಕಿ ಕರಗಿ ಬೆದರಿದ ಪ್ರಾಣಿಯ ಕಣ್ಣುಗಳು ಉಳಿಯುತ್ತವೆ. ಪಂಕಜ್ ಕಪೂರ್ ಇಲ್ಲಿ ಎಲ್ಲೂ ನಮ್ಮ ಕರುಣೆ ಬೇಡುವುದಿಲ್ಲ. ಈಗಲೂ ಅವನೊಳಗೆ ಒಂದು ಚೂರು ಜಿಗುಟು ಉಳಿದಿದೆ, ಅದಕ್ಕೇ ನಂಬಿಕೆ ಬರುತ್ತದೆ.

ಬಹಿಷ್ಕಾರ ಎಂಬ ಪದಕ್ಕೆ ಕನ್ನಡ ಓದುಗರ ಕಿವಿಯಲ್ಲಿ ಬೇರೆಯೇ ತೂಕವಿದೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನೂ 1977ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ತೆರೆಗೆ ತಂದದ್ದನ್ನೂ ಬಲ್ಲವರಿಗೆ ಜೀವಂತ ಇರುವವರನ್ನು ಊರು ಸತ್ತಂತೆ ಕಾಣುವುದು ಎಂದರೇನು ಎಂದು ವಿವರಿಸಬೇಕಿಲ್ಲ. ಖತ್ರಿಯ ತಪ್ಪಿಗೂ ಯಮುನಕ್ಕನ ಪಾಡಿಗೂ ಹೋಲಿಕೆ ಮಾಡುತ್ತಿಲ್ಲ, ಅವಳ ಮೇಲೆ ಬಿದ್ದದ್ದರ ಭಾರವೇ ಬೇರೆ. ಆದರೆ ಹೊರಗೆ ಹಾಕುವವರ ಮುಖಭಾವ ಒಂದೇ ಥರದ್ದು. ತಾವು ಶುದ್ಧರೆಂಬ ನೆಮ್ಮದಿ ಅದು. ಕೆಂಪು ಕೊಡೆಯ ನೆರಳಿಗಾಗಿ ಮುನ್ನುಗ್ಗಿದವರೇ ಈಗ ಕಲ್ಲುಮುಖ ಮಾಡಿಕೊಂಡು ಖತ್ರಿಯ ಅಂಗಡಿ ದಾಟಿ ಹೋಗುತ್ತಾರೆ. ‘ಬ್ಲೂ ಅಂಬ್ರೆಲಾ’ವನ್ನು ಮನಸ್ಸನ್ನು ಬೆಚ್ಚಗಾಗಿಸುವ ಸಿನಿಮಾ ಎಂದು ಹೇಳುವವರು ಈ ಅರ್ಧ ಗಂಟೆಯ ಚಳಿಯನ್ನು ಮರೆತು ಮಾತಾಡುತ್ತಿರುತ್ತಾರೆ. ಇಷ್ಟು ಚಳಿ ಹುಟ್ಟಿಸಿದ್ದರಿಂದಲೇ ಕೊನೆಯ ಬಿಸಿ ನಮಗೆ ತಾಗುವುದು.

ಬಾಂಡ್ ಅವರ ಪುಸ್ತಕದ ಕೊರತೆಯೂ ಈಗ ಕಾಣುತ್ತದೆ. ಅವರು ಯಾರನ್ನೂ ಹೆಚ್ಚು ಹೊತ್ತು ನೋವಿನಲ್ಲಿ ಇಡಲಾರರು. ರಾಮ್ ಭರೋಸಾನ ಒಂಟಿತನ ಕೆಲವು ಪುಟಗಳಲ್ಲಿ ಮುಗಿಯುತ್ತದೆ, ಅವನ ಮನಸ್ಸು ತಿರುಗುವುದೂ ಬೇಗ. ಕದಿಯಲು ಹೋದ ರಾಜಾರಾಮ್ ಏನಾದ, ಅವನಿಗೆ ಏನನ್ನಿಸಿತು ಎಂಬುದರ ಕಡೆ ಕತೆಗೆ ಹೆಚ್ಚು ಗಮನವಿಲ್ಲ. ಬೆಟ್ಟ, ಗಾಳಿ, ಚೆರಿ ಮರ, ಮಳೆ ಎಲ್ಲವೂ ಮನುಷ್ಯರ ಸಣ್ಣತನವನ್ನು ಬೇಗ ತೊಳೆದುಬಿಡುತ್ತವೆ. ಬಾಂಡ್ ಅವರ ಓದುಗರು ಅವರನ್ನು ಪ್ರೀತಿಸುವುದು ಇದಕ್ಕೇ, ಅವರನ್ನು ಹಗುರವಾಗಿ ಕಾಣುವವರು ಬೊಟ್ಟು ಮಾಡುವುದೂ ಇದನ್ನೇ.

ಹಾಗಾದರೆ ಸಿನಿಮಾ ಪುಸ್ತಕವನ್ನು ಮೀರಿತೇ? ನಡುವಿನ ಭಾಗದ ಮಟ್ಟಿಗೆ ಹೌದು ಎನ್ನುತ್ತೇನೆ. ಆದರೆ ಅದಕ್ಕೆ ತೆತ್ತ ಬೆಲೆ ಬಿನ್ಯಾ.

ಪುಸ್ತಕದ ಬಿನ್ಯಾಳಿಗೆ ಕೊಡೆಯೊಂದಿಗೆ ಒಂದು ಇಡೀ ಬದುಕಿದೆ. ಗಾಳಿ ಅದನ್ನು ಕಿತ್ತು ಪ್ರಪಾತದ ಕಡೆ ಎಸೆದಾಗ ಜೀವದ ಹಂಗು ತೊರೆದು ಬಂಡೆಗಳನ್ನು ಇಳಿದು, ಮರಕ್ಕೆ ಸಿಕ್ಕಿದ್ದನ್ನು ಬಿಡಿಸಿ ತರುತ್ತಾಳೆ. ಹಾವು ಎದುರಾದಾಗ ಕೊಡೆಯನ್ನೇ ಅಡ್ಡ ಹಿಡಿಯುತ್ತಾಳೆ. ಬಿಸಿಲಿಗೆ, ಮಳೆಗೆ ಬಣ್ಣ ಮಾಸುತ್ತ ಹೋಗುತ್ತದೆ. ರಾಮ್ ಭರೋಸಾನನ್ನು ಊರು ದೂರ ಇಟ್ಟಾಗ ಅವಳಿಗೆ ಒಂದು ವಿಚಿತ್ರವಾದ ಕಸಿವಿಸಿ ಶುರುವಾಗುತ್ತದೆ. ತಪ್ಪು ಮಾಡಿದವನು ಅವನು, ಕಸಿವಿಸಿ ಇವಳಿಗೆ. ಇಷ್ಟು ಮೆರೆಸಬಾರದಿತ್ತೇನೋ, ಕೊಡೆಯನ್ನು ಇಷ್ಟೊಂದು ಹಚ್ಚಿಕೊಳ್ಳಬಾರದಿತ್ತೇನೋ ಎಂಬ ಯೋಚನೆ. ಅಂಗಡಿಯ ಮುಂದೆ ಹೋಗುವಾಗ ಕೊಡೆಯನ್ನು ಮಡಚಿಕೊಳ್ಳುವ ಹುಡುಗಿ ಅವಳು. ಅವಳು ಯಾರನ್ನೂ ಕ್ಷಮಿಸಲು ಹೊರಟಿಲ್ಲ. ಕ್ಷಮೆ ಮೇಲೆ ನಿಂತವರು ಕೆಳಗಿನವರಿಗೆ ಕೊಡುವಂಥದ್ದು. ಬಿನ್ಯಾ ತನ್ನ ಸುಖದಲ್ಲಿ ಇನ್ನೊಬ್ಬರ ದುಃಖದ ಪಾಲೂ ಇದೆ ಎಂದು ಮೆಲ್ಲಗೆ ಕಂಡುಕೊಳ್ಳುತ್ತಿದ್ದಾಳೆ. ಹತ್ತು ವರ್ಷದ ಹುಡುಗಿಯ ಮನಸ್ಸಿನಲ್ಲಿ ಇಂಥ ಯೋಚನೆ ಹೇಗೆ ಬೆಳೆಯುತ್ತದೆ ಎಂಬುದನ್ನು ಬಾಂಡ್ ಸಣ್ಣ ಸಣ್ಣ ಹೆಜ್ಜೆಗಳಲ್ಲಿ, ಒತ್ತಿ ಹೇಳದೆ ಬರೆದಿದ್ದಾರೆ. ಪುಸ್ತಕದ ನಿಜವಾದ ಸಾಧನೆ ಈ ಪುಟಗಳು.

ಸಿನಿಮಾದಲ್ಲಿ ಬಿನಿಯಾ ನಿರಪರಾಧಿ, ಪತ್ತೇದಾರಿಣಿ, ಕೊನೆಗೆ ಕ್ಷಮಾಶೀಲೆ. ಶ್ರೇಯಾ ಶರ್ಮಾ ಎಂಬ ಬಾಲನಟಿ ಆ ಪಾತ್ರವನ್ನು ಮುದ್ದಾಗಿಯೇ ಮಾಡಿದ್ದಾಳೆ. ಆದರೆ ನಿಜವಾದ ಕಳವು ನಡೆದಮೇಲೆ ಅವಳ ಮನಸ್ಸಿನಲ್ಲಿ ಪಾಪಪ್ರಜ್ಞೆಗೆ ಜಾಗ ಎಲ್ಲಿದೆ? ಅನ್ಯಾಯಕ್ಕೊಳಗಾದವಳು ಅವಳು. ಕೊಡೆಯನ್ನು ಹುಡುಕಿ ಪಡೆದದ್ದು ನ್ಯಾಯ. ಆಮೇಲೆ ಅದನ್ನೇ ಕೊಟ್ಟುಬಿಡುವುದು ಔದಾರ್ಯ. ಔದಾರ್ಯ ದೊಡ್ಡದೇ, ಕಣ್ಣು ತುಂಬಿಸುವಂಥದ್ದೇ. ಆದರೆ ಅವಳ ಒಳಗೆ ಏನು ನಡೆಯಿತು ಎಂಬುದನ್ನು ನಾವು ಖತ್ರಿಯ ಮುಖ ನೋಡಿ ಊಹಿಸಬೇಕು, ಏಕೆಂದರೆ ಅಷ್ಟು ಹೊತ್ತಿಗೆ ಕ್ಯಾಮೆರಾ ಪೂರ್ತಿಯಾಗಿ ಅವನದಾಗಿದೆ. ಬಿನಿಯಾ ಅವನ ಬಿಡುಗಡೆಗೆ ಒಂದು ದಾರಿಯಾಗುತ್ತಾಳೆ. ದೊಡ್ಡ ನಟನೊಬ್ಬನನ್ನು ಸಣ್ಣ ಕತೆಯೊಳಗೆ ಕರೆದರೆ ಮನೆಯ ಮಕ್ಕಳು ಎದ್ದು ಜಾಗ ಬಿಡಬೇಕಾಗುತ್ತದೆ ಎನ್ನುವುದು ಇಲ್ಲೂ ನಿಜವಾಯಿತು.

ಬಣ್ಣದ ವಿಷಯದಲ್ಲೂ ಇದೇ. ಬಾಂಡ್ ಅವರ ಕೊಡೆ ಕಾಲಕ್ಕೆ ಸಿಕ್ಕು ಮಾಸುತ್ತದೆ. ಭಾರದ್ವಾಜ್ ಅವರ ಕೊಡೆ ಹಸಿರು ಇಳಿಜಾರಿನ ಮೇಲೆ ಹೊಳೆಯುತ್ತದೆ, ಕೆಂಪಾಗುತ್ತದೆ, ತೊಳೆದುಕೊಂಡು ಮತ್ತೆ ನೀಲಿಯಾಗುತ್ತದೆ. ತೆರೆಗೆ ಹೊಳೆಯುವ ಕೊಡೆ ಬೇಕು ನಿಜ. ಆದರೆ ಮಾಸಿದ ಕೊಡೆಯನ್ನು ಕೊಡುವುದರಲ್ಲಿ ಇನ್ನೊಂದು ಸತ್ಯವಿತ್ತು. ವಸ್ತುವಿನ ಮೋಹ ಒಂದೇ ಏಟಿಗೆ ಕಡಿದು ಬೀಳುವುದಿಲ್ಲ. ಬಳಸುತ್ತ ಬಳಸುತ್ತ, ಬಣ್ಣದ ಜೊತೆಗೇ ತಿಳಿಯಾಗುತ್ತದೆ. ನಮ್ಮ ಭಾಷೆಯಲ್ಲಿ ‘ಕೊಡೆ’ ಎಂದರೆ ಛತ್ರಿಯೂ ಹೌದು, ‘ಕೊಡಲಾರೆ’ ಎಂಬ ಮಾತೂ ಹೌದು. ಮೊದಲನೆಯದರ ಬಣ್ಣ ಮಾಸುವಷ್ಟು ಕಾಲ ಹಿಡಿಯಿತು ಬಿನ್ಯಾಳ ಎರಡನೆಯ ‘ಕೊಡೆ’ ಸಡಿಲಗೊಳ್ಳಲು.

ಈಗ ಆರಂಭದ ವಿನಿಮಯಕ್ಕೆ ಮರಳೋಣ. ಎರಡೂ ಕತೆಗಳಲ್ಲಿ ಹುಡುಗಿ ಕೊಡೆಯನ್ನು ಅಂಗಡಿಯಲ್ಲಿ ಮರೆತವಳಂತೆ ಬಿಟ್ಟು ಹೋಗುತ್ತಾಳೆ. ಅಂಗಡಿಯವನು ಅದನ್ನು ಹಿಡಿದು ಅವಳ ಹಿಂದೆ ಓಡುತ್ತಾನೆ. ಇಷ್ಟು ದಿನ ಬೇಕೆಂದು ಹಲುಬಿದ್ದನ್ನು ಕೈಯಲ್ಲಿ ಹಿಡಿದು ವಾಪಸು ಕೊಡಲು ಓಡುವ ಮನುಷ್ಯನ ಚಿತ್ರ, ಪುಟದ ಮೇಲಿರಲಿ ತೆರೆಯ ಮೇಲಿರಲಿ, ಮರೆಯುವಂಥದ್ದಲ್ಲ. ಅವಳು ತೆಗೆದುಕೊಳ್ಳುವುದಿಲ್ಲ. ಸಿನಿಮಾ ತನ್ನ ಭಾವದ ತೂಕವನ್ನೆಲ್ಲ ಈ ಗಳಿಗೆಯ ಮೇಲೆ ಇಡುತ್ತದೆ. ಖತ್ರಿಗೆ ಕ್ಷಮೆ ಸಿಕ್ಕಿತು, ಊರಿಗೆ ಅವನು ಮರಳಿ ಸಿಕ್ಕಿದ.

ಪುಸ್ತಕ ಇಲ್ಲಿಗೆ ನಿಲ್ಲುವುದಿಲ್ಲ. ಅದೇ ಚಳಿಗಾಲ ರಾತ್ರಿ ಒಂದು ಕರಡಿ ರಾಮ್ ಭರೋಸಾನ ಅಂಗಡಿಗೆ ಬಂದು ಹೋಗುತ್ತದೆ. ಅದರ ಒಂದು ಉಗುರು ಉದುರಿ ಬಿದ್ದಿರುತ್ತದೆ. ಅವನು ಅದನ್ನು ಅಕ್ಕಸಾಲಿಗನಿಗೆ ಕೊಟ್ಟು, ಬೆಳ್ಳಿಯ ಕಟ್ಟು ಹಾಕಿಸಿ, ಸರದಲ್ಲಿ ಪೋಣಿಸಿ ಬಿನ್ಯಾಳಿಗೆ ಕೊಡುತ್ತಾನೆ. ಕೊಡೆಗಾಗಿ ಅವಳು ಕಳೆದುಕೊಂಡದ್ದು ಚಿರತೆಯುಗುರು. ಕೊಡೆ ಕೊಟ್ಟಿದ್ದಕ್ಕೆ ಬಂದದ್ದು ಕರಡಿಯುಗುರು.

ಮಕ್ಕಳ ಕತೆಯ ಅಚ್ಚುಕಟ್ಟು ಮುಕ್ತಾಯ ಎಂದು ಇದನ್ನು ದಾಟಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಬಿನ್ಯಾ ಕೊಡೆ ಕೊಟ್ಟು ಹೋದ ಮೇಲೆ ರಾಮ್ ಭರೋಸಾ ಒಬ್ಬ ಋಣಿ. ಜೀವಮಾನವಿಡೀ ಇತರರಿಗೆ ಸಾಲ ಕೊಟ್ಟು ಅವರ ಪುಟ್ಟ ವಸ್ತುಗಳನ್ನು ಇಟ್ಟುಕೊಂಡವನು ಈಗ ಒಬ್ಬ ಹುಡುಗಿಯ ಸಾಲಗಾರ. ಕ್ಷಮೆ ಪಡೆದವನಿಗೆ ಊರಿನಲ್ಲಿ ಜಾಗ ಸಿಗಬಹುದು, ತಲೆ ಎತ್ತಿ ನಿಲ್ಲುವುದು ಕಷ್ಟ. ತಾನೂ ಏನಾದರೂ ಕೊಟ್ಟಾಗ ಮಾತ್ರ ಅವನು ಮತ್ತೆ ಸರಿಸಮ. ಬಾಂಡ್ ಆ ಮುದುಕನಿಗೆ ಕೊಡುವ ಅವಕಾಶವನ್ನು ಒದಗಿಸುತ್ತಾರೆ. ಅದೂ ದುಡ್ಡು ಕೊಟ್ಟು ಕೊಂಡ ವಸ್ತುವಿನಿಂದಲ್ಲ, ಬೆಟ್ಟವೇ ಅವನ ಮನೆಗೆ ತಂದು ಹಾಕಿದ ವಸ್ತುವಿನಿಂದ. ಬಿನ್ಯಾಳೂ ಬೇಡವೆನ್ನದೆ ತೆಗೆದುಕೊಳ್ಳುತ್ತಾಳೆ. ಆ ತೆಗೆದುಕೊಳ್ಳುವುದರಲ್ಲಿ ಅವಳು ಕೊಡೆ ಕೊಟ್ಟಾಗಿನಷ್ಟೇ ದೊಡ್ಡವಳು. ನಗರದ ಹೆಂಗಸಿನೊಂದಿಗೆ ನಡೆದದ್ದು ಕೊಳ್ಳುವವರ ವಿನಿಮಯ. ಇದು ನೆರೆಹೊರೆಯವರ ವಿನಿಮಯ, ಇಲ್ಲಿ ಇಬ್ಬರಿಗೂ ಎದುರಿನವರ ವಸ್ತುವಿನ ಬೆಲೆ ಚೆನ್ನಾಗಿ ಗೊತ್ತಿದೆ.

ಒಂದು ಕಳವನ್ನು ನಿಜ ಮಾಡಿದ್ದರಿಂದ ಸಿನಿಮಾಕ್ಕೆ ಆ ಹಿಮದ ದಿನಗಳು ದಕ್ಕಿದವು. ಖತ್ರಿಯ ಒಂಟಿತನವನ್ನು ನಾನು ಯಾವ ಪುಸ್ತಕಕ್ಕೂ ಬಿಟ್ಟುಕೊಡಲಾರೆ. ಆದರೆ ಅಪರಾಧ ಅಷ್ಟು ದೊಡ್ಡದಾದ ಮೇಲೆ ಒಬ್ಬರು ಕ್ಷಮಿಸುವುದು, ಇನ್ನೊಬ್ಬರು ಕ್ಷಮೆಗೊಳಗಾಗುವುದು ಬಿಟ್ಟರೆ ಬೇರೆ ದಾರಿ ಉಳಿಯಲಿಲ್ಲ. ಕರಡಿಯುಗುರಿನಂಥ ಹಗುರವಾದ ಉಡುಗೊರೆಯನ್ನು ಅಷ್ಟು ಭಾರದ ಕತೆ ತಾಳಿಕೊಳ್ಳುತ್ತಿರಲಿಲ್ಲ. ಸಿನಿಮಾ ನೋಡಿ ಕಣ್ಣೊರೆಸಿಕೊಂಡ ವಿದ್ಯಾರ್ಥಿಗಳು ಪುಸ್ತಕದ ಕೊನೆಯ ಹತ್ತು ಪುಟಗಳನ್ನಾದರೂ ಓದಬೇಕು. ಅಲ್ಲಿ ಕೊಡೆ ಈಗ ರಾಮ್ ಭರೋಸಾನ ಅಂಗಡಿಯಲ್ಲಿದೆ. ಹೆಸರಿಗೆ ಅವನದು. ಮಳೆ ಬಂದಾಗ ಯಾರು ಕೇಳಿದರೂ ಕೊಟ್ಟು ಕಳಿಸುತ್ತಾನೆ.